ಐಸಿಯುನಲ್ಲಿ ಡಯಾಲಿಸಿಸ್: ಮೈಯಲ್ಲಿ ತುಂಬಿದ ನೀರು ತೆಗೆಯಲು ಯಾವ ದಾರಿ ಯಾರಿಗೆ?

"ಮೈಯಾಗ ನೀರ ತುಂಬೇತಿ, ಡಯಾಲಿಸಿಸ್ ಮಾಡಬೇಕು ಅಂತಾರ್ರಿ. ಸಾದಾ ಮಷೀನ ಬ್ಯಾಡ, 24 ತಾಸಿನ ಮಷೀನ ಹಚ್ಚೂಣು ಅಂತಾರ. ರೊಕ್ಕ ಭಾಳ ಆಗತೈತಿ. ಏನ್ ಮಾಡೂದ್ರಿ?"

ಹುಬ್ಬಳ್ಳಿ-ಧಾರವಾಡದ ಐಸಿಯುಗಳ ಹೊರಗೆ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಗದಗ, ಹಾವೇರಿ ಕಡೆಯಿಂದ ರೋಗಿಯನ್ನು ಕರೆತಂದ ಮನೆಯವರ ಕಿವಿಗೆ ಎಚ್‌ಡಿ (4 ತಾಸಿನ ಸಾದಾ ಡಯಾಲಿಸಿಸ್), ಸ್ಲೆಡ್ (ಅದೇ ಮಷೀನು, ನಿಧಾನವಾಗಿ), ಸಿಆರ್‌ಆರ್‌ಟಿ (24 ತಾಸಿನ ಮಷೀನು), ಪಿಡಿ (ಹೊಟ್ಟೆಯ ಡಯಾಲಿಸಿಸ್) ಎಂಬ ನಾಲ್ಕು ಹೆಸರು ಒಂದೇ ಸಲ ಬೀಳುತ್ತವೆ. ಯೋಚನೆ ಮಾಡಲು ಅರ್ಧ ತಾಸೂ ಸಿಗುವುದಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಮಾಡುವ ಕಿರಿಯ ಡಾಕ್ಟರಿಗೂ ಸಿಸ್ಟರಿಗೂ ಬೇರೆ ಥರದ ಗೊಂದಲ. ಇಲ್ಲೇ ಮಾಡೋಣವೇ, ಹುಬ್ಬಳ್ಳಿಗೆ ಕಳಿಸೋಣವೇ? ಈ ಬರಹ ಇಬ್ಬರಿಗೂ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಮಷೀನು ಯಾವುದು ಎನ್ನುವುದಕ್ಕಿಂತ, ತಾಸಿಗೆ ಎಷ್ಟು ನೀರು ತೆಗೆಯುತ್ತಾರೆ ಎನ್ನುವುದು ದೊಡ್ಡ ಪ್ರಶ್ನೆ. ಈ ಮಷೀನುಗಳ ನಡುವೆ ಇರುವ ಮುಖ್ಯ ವ್ಯತ್ಯಾಸ ಸಮಯದ್ದು. ಅಷ್ಟೇ ನೀರನ್ನು ಒಂದು 4 ತಾಸಿನಲ್ಲಿ ತೆಗೆಯುತ್ತದೆ, ಇನ್ನೊಂದು 10 ತಾಸಿನಲ್ಲಿ, ಮತ್ತೊಂದು ಇಡೀ ದಿನದಲ್ಲಿ. ರೋಗಿಯ ದೇಹ ಎಷ್ಟು ವೇಗ ತಡೆದುಕೊಳ್ಳುತ್ತದೆ ಎಂದು ಗೊತ್ತಾದರೆ ಆಯ್ಕೆ ಮುಕ್ಕಾಲು ಭಾಗ ಮುಗಿದಂತೆ.

ಮೊದಲು, ಡಯಾಲಿಸಿಸ್ ಈಗಲೇ ಬೇಕಾ?

ಕೆಲವು ಸಲ ಕಾಯುವಂತಿಲ್ಲ. ಪೊಟ್ಯಾಸಿಯಂ ಏರಿ ಔಷಧಿಗೆ ಇಳಿಯುತ್ತಿಲ್ಲ, ರಕ್ತದಲ್ಲಿ ಆಮ್ಲ ವಿಪರೀತ ಜಾಸ್ತಿಯಾಗಿದೆ, ಶ್ವಾಸಕೋಶದಲ್ಲಿ ನೀರು ತುಂಬಿ ಆಕ್ಸಿಜನ್ ನಿಲ್ಲುತ್ತಿಲ್ಲ. ಇಂಥ ಹೊತ್ತಿನಲ್ಲಿ ಚರ್ಚೆಗೆ ಜಾಗವಿಲ್ಲ. ಆದರೆ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಉಳಿಯುವ ಕಸ) ಏರಿದೆ ಎಂಬ ಒಂದೇ ಕಾರಣಕ್ಕೆ ಅವಸರ ಮಾಡಿದರೆ ಲಾಭವಿಲ್ಲ. 2020ರಲ್ಲಿ ಪ್ರಕಟವಾದ ಸ್ಟಾರ್ಟ್-ಎಕೆಐ ಎಂಬ ಅಧ್ಯಯನದಲ್ಲಿ 15 ದೇಶಗಳ ಸುಮಾರು 3,000 ಐಸಿಯು ರೋಗಿಗಳಿದ್ದರು. ಬೇಗ ಶುರು ಮಾಡಿದ ಗುಂಪಿನಲ್ಲೂ, ಅಗತ್ಯ ಬರುವವರೆಗೆ ಕಾದ ಗುಂಪಿನಲ್ಲೂ 90 ದಿನದೊಳಗೆ ತೀರಿಕೊಂಡವರು ಸುಮಾರು ಶೇ 44. ಆದರೆ ಬದುಕಿ ಉಳಿದವರಲ್ಲಿ, 90 ದಿನದ ಹೊತ್ತಿಗೂ ಡಯಾಲಿಸಿಸ್ ಬಿಡಲಾಗದವರು ಬೇಗ ಶುರು ಮಾಡಿದ ಗುಂಪಿನಲ್ಲೇ ಜಾಸ್ತಿ ಇದ್ದರು. ಅಲ್ಲಿ ಶೇ 10.4, ಕಾದ ಗುಂಪಿನಲ್ಲಿ ಶೇ 6. ಹಾಗಾಗಿ "ಇನ್ನೂ ಒಂದು ದಿನ ನೋಡೋಣ" ಎಂದು ಡಾಕ್ಟರ್ ಹೇಳಿದರೆ ಅದನ್ನು ನಿರ್ಲಕ್ಷ್ಯ ಅಂದುಕೊಳ್ಳಬೇಡಿ.

ಕಿಡ್ನಿಯಲ್ಲಿ ಇನ್ನೂ ಎಷ್ಟು ಶಕ್ತಿ ಉಳಿದಿದೆ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಮೈಯಲ್ಲಿ ನೀರಿನ ಕೊರತೆ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಮೂತ್ರ ಬರಿಸುವ ಔಷಧಿ ಲ್ಯಾಸಿಕ್ಸ್ ಅನ್ನು ಕೆಜಿಗೆ 1 ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಈ ಔಷಧಿ ಮೊದಲೇ ನಡೆಯುತ್ತಿದ್ದರೆ 1.5 ಮಿಲಿಗ್ರಾಂ. ಎರಡು ತಾಸಿನಲ್ಲಿ 200 ಮಿಲಿಗಿಂತ ಜಾಸ್ತಿ ಮೂತ್ರ ಬಂದರೆ ಔಷಧಿಯಿಂದಲೇ ನೀರು ಇಳಿಸಿ ನೋಡಬಹುದು. ಅದಕ್ಕಿಂತ ಸುಲಭ, ಅದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ. ಬಾರದಿದ್ದರೆ ಡೋಸಿನ ಮೇಲೆ ಡೋಸ್ ಕೊಡುತ್ತ ಎರಡು ದಿನ ಕಳೆಯುವುದರಲ್ಲಿ ಅರ್ಥವಿಲ್ಲ. ಡಯಾಲಿಸಿಸ್‌ಗೆ ತಯಾರಿ ಶುರು ಮಾಡಬೇಕು.

ಯಾವುದನ್ನು ಅಳೆದು ಆರಿಸಬೇಕು

ಮೊದಲ ಅಳತೆ, ಎಷ್ಟು ನೀರು ಕೂಡಿದೆ ಎಂಬುದು. ಅಡ್ಮಿಟ್ ಆದಾಗಿನಿಂದ ಒಳಗೆ ಹೋದದ್ದು ಎಷ್ಟು ಲೀಟರ್, ಹೊರಗೆ ಬಂದದ್ದು ಎಷ್ಟು ಲೀಟರ್? ಎರಡರ ವ್ಯತ್ಯಾಸವನ್ನು ಅಡ್ಮಿಟ್ ಆದ ದಿನದ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿ. 60 ಕೆಜಿ ತೂಕದವರಿಗೆ ಮೂರು ದಿನದಲ್ಲಿ 9 ಲೀಟರ್ ಒಳಗೆ ಹೋಗಿ 3 ಲೀಟರ್ ಹೊರಗೆ ಬಂದಿದ್ದರೆ 6 ಲೀಟರ್ ಉಳಿಯಿತು. ಅಂದರೆ ಶೇ 10. ಈ ಗೆರೆ ದಾಟಿದವರಲ್ಲಿ ಸಾವು ಜಾಸ್ತಿ ಎಂದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ನೀರೇ ಕಾರಣವೋ, ಕಾಯಿಲೆ ಜೋರಾಗಿದ್ದಕ್ಕೆ ನೀರು ಜಾಸ್ತಿ ಕೊಡಬೇಕಾಯಿತೋ ಎಂಬುದನ್ನು ಇಂಥ ಅಧ್ಯಯನಗಳಿಂದ ಬಿಡಿಸಿ ಹೇಳಲಾಗದು. ಆದರೂ ಬಾತುಕೊಂಡ ಶ್ವಾಸಕೋಶ, ಬಾತುಕೊಂಡ ಕರುಳು, ಬಾತುಕೊಂಡ ಕಿಡ್ನಿ ಯಾವುದೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದರಲ್ಲಿ ಅನುಮಾನವಿಲ್ಲ.

ಎರಡನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಆ ನೀರು ಎಲ್ಲಿದೆ? ಯಾವ ಮಷೀನಾದರೂ ನೀರನ್ನು ತೆಗೆಯುವುದು ರಕ್ತದಿಂದ. ದೊಡ್ಡವರ ಮೈಯಲ್ಲಿ ರಕ್ತದ ನೀರಿನ ಭಾಗ ಸುಮಾರು 3 ಲೀಟರ್ ಮಾತ್ರ. ಕೈಕಾಲು, ಬೆನ್ನು, ಮುಖ ಬಾತುಕೊಂಡು ಕಾಣುವ ನೀರು ರಕ್ತನಾಳದ ಹೊರಗೆ, ಮಾಂಸದ ಸಂದಿಯಲ್ಲಿ ಇರುತ್ತದೆ. ರಕ್ತದಿಂದ ನೀರು ಹೋದಂತೆ ಹೊರಗಿನದು ನಿಧಾನವಾಗಿ ಒಳಗೆ ಬರಬೇಕು. ಬಾವಿಗೆ ಪಂಪ್ ಹಚ್ಚಿದ ಹಾಗೆ ಇದು. ಸೆಲೆ ಒಸರುವುದಕ್ಕಿಂತ ಜೋರಾಗಿ ಎಳೆದರೆ, ಸುತ್ತಲಿನ ನೆಲ ಹಸಿ ಇದ್ದರೂ ಬಾವಿ ಬರಿದಾಗುತ್ತದೆ. ಆಗ ಬಿಪಿ ಬೀಳುತ್ತದೆ. ಸೆಪ್ಸಿಸ್ (ಸೋಂಕು ಮೈಯೆಲ್ಲ ಏರಿ ಅಂಗಗಳು ಸೋಲುವುದು) ಆದವರಲ್ಲಿ, ರಕ್ತದ ಪ್ರೋಟೀನ್ ಆದ ಆಲ್ಬುಮಿನ್ ಕಡಿಮೆ ಇದ್ದವರಲ್ಲಿ ಈ ಒಸರು ಇನ್ನೂ ನಿಧಾನ. ಬಿಪಿ ಬಿದ್ದಷ್ಟು ಸಲ, ಚೇತರಿಸಿಕೊಳ್ಳಬೇಕಾದ ಕಿಡ್ನಿಗೇ ಮತ್ತೆ ಪೆಟ್ಟು ಬೀಳುತ್ತದೆ.

ಈ ಒಸರನ್ನು ನೇರವಾಗಿ ಅಳೆಯುವ ಮೀಟರ್ ಇಲ್ಲ. ಸುಳಿವುಗಳಿವೆ. ಬಿಪಿ ನಿಲ್ಲಿಸಲು ನಾರ್‌ಅಡ್ರಿನಲಿನ್ ಎಷ್ಟು ಬೇಕಾಗುತ್ತಿದೆ, ಅದು ಏರುತ್ತಿದೆಯೋ ಇಳಿಯುತ್ತಿದೆಯೋ? ಬೆರಳ ತುದಿ ಒತ್ತಿ ಬಿಟ್ಟರೆ ಕೆಂಪು ಬೇಗ ಮರಳುತ್ತದಾ? ಅಂಗಗಳಿಗೆ ರಕ್ತ ಸಾಲದಾಗ ಏರುವ ಲ್ಯಾಕ್ಟೇಟ್ ಎಷ್ಟಿದೆ? ಶ್ವಾಸಕೋಶದ ಅಲ್ಟ್ರಾಸೌಂಡ್ ಏನು ತೋರಿಸುತ್ತದೆ? ರೋಗಿಯ ಕಾಲುಗಳನ್ನು ಮೇಲೆತ್ತಿದಾಗ ಹೃದಯ ಪಂಪ್ ಮಾಡುವ ರಕ್ತ ಜಾಸ್ತಿಯಾದರೆ, ರಕ್ತನಾಳ ಇನ್ನೂ ನೀರು ಬೇಡುತ್ತಿದೆ ಎಂದರ್ಥ. ಅಂಥವರಿಂದ ಜೋರಾಗಿ ನೀರು ತೆಗೆಯಹೋದರೆ ಬಿಪಿ ಬೀಳುವ ಸಂಭವ ಜಾಸ್ತಿ.

ಉಳಿದವನ್ನು ಬೇಗ ಹೇಳುತ್ತೇನೆ. ಮಿದುಳಿನಲ್ಲಿ ಬಾವು ಇದೆಯಾ, ಲಿವರ್ ಕೆಟ್ಟಿದೆಯಾ? ರಕ್ತಸ್ರಾವ ಇದೆಯಾ? ಹೊಟ್ಟೆಯ ಆಪರೇಷನ್ ಆಗಿದೆಯಾ? ರಾತ್ರಿ ಮಷೀನಿನ ಪಕ್ಕ ಇರುವವರು ಯಾರು? ಶುದ್ಧ ಮಾಡಿದ ಆರ್‌ಒ ನೀರಿನ ಪೈಪು ಐಸಿಯು ಬೆಡ್ಡಿನವರೆಗೆ ಬಂದಿದೆಯಾ? ಕೊನೆಗೆ ರೊಕ್ಕ. ಅದನ್ನು ಕೇಳಲು ನಾಚಿಕೆ ಬೇಡ. ಮೂರನೇ ದಿನಕ್ಕೆ ದುಡ್ಡು ಮುಗಿದು ಚಿಕಿತ್ಸೆ ನಿಲ್ಲುವುದಕ್ಕಿಂತ, ಮೊದಲ ದಿನವೇ ಲೆಕ್ಕ ಹಾಕುವುದು ರೋಗಿಗೆ ಒಳ್ಳೆಯದು.

ಒಂದೇ ಲೆಕ್ಕ, ಮೂರು ವೇಗ

ಅದೇ 60 ಕೆಜಿ ರೋಗಿಯನ್ನು ಇಟ್ಟುಕೊಳ್ಳೋಣ. ಮೂತ್ರ ಬರುತ್ತಿಲ್ಲ. ಔಷಧಿ, ಟ್ಯೂಬಿನ ಆಹಾರ ಎಲ್ಲ ಸೇರಿ ದಿನಕ್ಕೆ 1.5 ಲೀಟರ್ ಒಳಗೆ ಹೋಗುತ್ತಿದೆ. ದಿನಕ್ಕೆ 1 ಲೀಟರ್ ಕಡಿಮೆ ಮಾಡಬೇಕು ಎಂದರೆ ಮಷೀನು 2.5 ಲೀಟರ್ ತೆಗೆಯಬೇಕು. 4 ತಾಸಿನ ಎಚ್‌ಡಿಯಲ್ಲಿ ಇದು ತಾಸಿಗೆ 625 ಮಿಲಿ, ಅಂದರೆ ಕೆಜಿಗೆ 10 ಮಿಲಿಗಿಂತ ಜಾಸ್ತಿ. 10 ತಾಸಿನ ಸ್ಲೆಡ್‌ನಲ್ಲಿ ತಾಸಿಗೆ 250 ಮಿಲಿ, ಕೆಜಿಗೆ ಸುಮಾರು 4. ಇಡೀ ದಿನ ನಡೆಯುವ ಸಿಆರ್‌ಆರ್‌ಟಿಯಲ್ಲಿ ತಾಸಿಗೆ ಸುಮಾರು 104 ಮಿಲಿ, ಕೆಜಿಗೆ 1.7.

ದಿನದ ಕೊನೆಗೆ ಹೊರಗೆ ಬಂದ ನೀರು ಮೂರರಲ್ಲೂ ಒಂದೇ. ಹೃದಯದ ಮೇಲೆ ಬಿದ್ದ ಭಾರ ಒಂದೇ ಅಲ್ಲ. 24 ತಾಸು ಒಳಗೆ ಹೋದದ್ದನ್ನೆಲ್ಲ ಎಚ್‌ಡಿ 4 ತಾಸಿನಲ್ಲಿ ತೆಗೆಯಬೇಕು. ತೊಂದರೆ ಹುಟ್ಟುವುದೇ ಇಲ್ಲಿ.

ಎಚ್‌ಡಿ: ಗಟ್ಟಿ ಇರುವವರಿಗೆ, ತುರ್ತಿಗೆ

ಇದು ಎಲ್ಲರಿಗೂ ಗೊತ್ತಿರುವ ಡಯಾಲಿಸಿಸ್. 4 ತಾಸು ನಡೆಯುತ್ತದೆ. ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಿದ್ದರೆ ಇದರಷ್ಟು ವೇಗವಾಗಿ ಇಳಿಸುವುದು ಬೇರೆ ಇಲ್ಲ. ಕೆಲವು ವಿಷಗಳನ್ನು ತೆಗೆಯಲೂ ಇದೇ ಮುಂದು. ಖರ್ಚು ಕಡಿಮೆ. ಉಳಿದ 20 ತಾಸು ರೋಗಿ ಮಷೀನಿನಿಂದ ಮುಕ್ತ. ಸ್ಕ್ಯಾನ್‌ಗೆ ಕರೆದುಕೊಂಡು ಹೋಗಬಹುದು, ಫಿಸಿಯೋಥೆರಪಿ ಮಾಡಿಸಬಹುದು.

ವಾರಕ್ಕೆ ಎರಡು-ಮೂರು ಸಲ ಡಯಾಲಿಸಿಸ್ ಸೆಂಟರಿಗೆ ಬರುವ ಹಳೆಯ ಕಿಡ್ನಿ ರೋಗಿಗಳಲ್ಲಿ, ತಾಸಿಗೆ ಕೆಜಿಗೆ 13 ಮಿಲಿಗಿಂತ ಜೋರಾಗಿ ನೀರು ತೆಗೆದಾಗ ಸಾವು ಜಾಸ್ತಿ ಎಂದು ಕಂಡುಬಂದಿದೆ. 60 ಕೆಜಿಯವರಿಗೆ ಇದು 4 ತಾಸಿನಲ್ಲಿ ಸುಮಾರು 3 ಲೀಟರ್. ನೆನಪಿರಲಿ, ಆ ಲೆಕ್ಕ ನಡೆದು ಬಂದು ನಡೆದು ಹೋಗುವವರದ್ದು. ಐಸಿಯುನಲ್ಲಿ ಸೆಪ್ಸಿಸ್‌ನಿಂದ ಮಲಗಿದವರಿಗೆ ಅದರ ಅರ್ಧವೂ ಜಾಸ್ತಿ ಆಗಬಹುದು. "ಇವತ್ತು 4 ಲೀಟರ್ ತೆಗೆದುಬಿಡೋಣ, ನಾಳೆ ವೆಂಟಿಲೇಟರ್ ಬಿಡಿಸೋಣ" ಎಂಬ ಆಸೆ ಮನೆಯವರಿಗೂ ಇರುತ್ತದೆ, ಡಾಕ್ಟರಿಗೂ ಇರುತ್ತದೆ. ಎರಡನೇ ತಾಸಿಗೆ ಬಿಪಿ ಬಿದ್ದು, ಸಲೈನ್ ಕೊಟ್ಟು, ಮಷೀನ್ ನಿಲ್ಲಿಸಿದರೆ ತೆಗೆದದ್ದು ಅಲ್ಲಿಗೇ ವಾಪಸ್.

ಹಾಗಂತ ಐಸಿಯುನಲ್ಲಿ ಎಚ್‌ಡಿ ಮಾಡಲೇಬಾರದು ಎನ್ನುವುದು ತಪ್ಪು. ಫ್ರಾನ್ಸಿನ 21 ಐಸಿಯುಗಳಲ್ಲಿ 360 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಚ್‌ಡಿ ಪಡೆದವರೂ ಇಡೀ ದಿನದ ಡಯಾಲಿಸಿಸ್ ಪಡೆದವರೂ 60 ದಿನದ ಹೊತ್ತಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬದುಕಿದ್ದರು. ಗುಟ್ಟು ಇರುವುದು ಎಚ್‌ಡಿ ಮಾಡುವ ರೀತಿಯಲ್ಲಿ. ಡಯಾಲಿಸಿಸ್ ದ್ರವದ ಬಿಸಿ 35–36 ಡಿಗ್ರಿಗೆ ಇಳಿಸುವುದು, ಸೋಡಿಯಂ 145ರ ಆಸುಪಾಸಿಗೆ ಏರಿಸುವುದು, ಸಮಯ 5–6 ತಾಸಿಗೆ ಬೆಳೆಸುವುದು. ದಿನ ಬಿಟ್ಟು ದಿನ ಜೋರಾಗಿ ತೆಗೆಯುವ ಬದಲು ದಿನವೂ ಸ್ವಲ್ಪ ಸ್ವಲ್ಪ ತೆಗೆಯುವುದು. ಇವುಗಳಿಗೆ ಹೆಚ್ಚಿನ ಮಷೀನ್ ಬೇಕಿಲ್ಲ, ಗಮನ ಬೇಕು.

ಬಿಪಿ ಔಷಧಿ ಇಲ್ಲದೆ ನಿಂತಿದ್ದರೆ, ಅಥವಾ ತೀರಾ ಕಡಿಮೆ ಡೋಸಿನಲ್ಲಿ ಸ್ಥಿರವಾಗಿದ್ದರೆ, ಎಚ್‌ಡಿ ಸಾಕು.

ಸ್ಲೆಡ್: ನಮ್ಮ ಕಡೆಯ ಬಹಳಷ್ಟು ರೋಗಿಗಳಿಗೆ ಇದೇ ಸರಿ

ಸ್ಲೆಡ್ ಎಂದರೆ ಅದೇ ಎಚ್‌ಡಿ ಮಷೀನನ್ನು ನಿಧಾನವಾಗಿ, 6ರಿಂದ 12 ತಾಸು ಓಡಿಸುವುದು. ಎಚ್‌ಡಿಯಲ್ಲಿ ರಕ್ತ ನಿಮಿಷಕ್ಕೆ 250–300 ಮಿಲಿ, ಡಯಾಲಿಸಿಸ್ ದ್ರವ 500 ಮಿಲಿ ಹರಿದರೆ, ಸ್ಲೆಡ್‌ನಲ್ಲಿ ರಕ್ತ 150–200ಕ್ಕೆ, ದ್ರವ 100–300ಕ್ಕೆ ಇಳಿಯುತ್ತದೆ. ಫಿಲ್ಟರ್ ಅದೇ, ಪೈಪ್ ಅದೇ. ಹಾಗಾಗಿ ಖರ್ಚು ಒಂದು ಎಚ್‌ಡಿಗಿಂತ ಸ್ವಲ್ಪ ಜಾಸ್ತಿ, ಸಿಆರ್‌ಆರ್‌ಟಿಗಿಂತ ಎಷ್ಟೋ ಕಡಿಮೆ. ರಕ್ತ ಹೆಪ್ಪುಗಟ್ಟದಂತೆ ಹಾಕುವ ಹೆಪಾರಿನ್ ಇಲ್ಲದೆಯೂ, ನಡುನಡುವೆ ಸಲೈನ್‌ನಿಂದ ತೊಳೆದು ನಡೆಸಬಹುದು. ಆದರೆ ಆ ತೊಳೆದ ಸಲೈನನ್ನೂ ನೀರಿನ ಲೆಕ್ಕಕ್ಕೆ ಸೇರಿಸಬೇಕು. ಇದನ್ನು ಮರೆಯುವುದು ತೀರಾ ಸಾಮಾನ್ಯ. ರಾತ್ರಿಯಿಡೀ 100 ಮಿಲಿಯಂತೆ ಹತ್ತು ಸಲ ತೊಳೆದರೆ ಒಂದು ಲೀಟರ್ ಆಯಿತು. ತೆಗೆಯಬೇಕಿದ್ದ ಲೀಟರ್ ಅದೇ!

ಇದು ಬಡವರ ಸಿಆರ್‌ಆರ್‌ಟಿ, ಗತಿಯಿಲ್ಲದಾಗ ಮಾಡುವಂಥದ್ದು ಎಂಬ ಭಾವನೆ ಇದೆ. ಅದು ಸರಿಯಲ್ಲ. 2012ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ 232 ಐಸಿಯು ರೋಗಿಗಳನ್ನು 12 ತಾಸಿನ ಸ್ಲೆಡ್ ಮತ್ತು 24 ತಾಸಿನ ಸಿಆರ್‌ಆರ್‌ಟಿ ಎಂದು ಎರಡು ಗುಂಪು ಮಾಡಿ ನೋಡಿದ್ದರು. ಬದುಕುಳಿದವರ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ. ನಾರ್‌ಅಡ್ರಿನಲಿನ್ ಸಾಧಾರಣ ಡೋಸಿನಲ್ಲಿ ನಡೆಯುತ್ತಿರುವ ಸೆಪ್ಸಿಸ್ ರೋಗಿಗೆ ಡಾಕ್ಟರ್ ಸ್ಲೆಡ್ ಹೇಳಿದರೆ, ನಿಮ್ಮವರಿಗೆ ಕಡಿಮೆ ದರ್ಜೆಯ ಚಿಕಿತ್ಸೆ ಸಿಗುತ್ತಿದೆ ಎಂದು ಕೊರಗಬೇಡಿ.

ಕೊರತೆಗಳೂ ಇವೆ. ಐಸಿಯು ಬೆಡ್ಡಿನ ಹತ್ತಿರ ಆರ್‌ಒ ನೀರು ಬೇಕು, ರಾತ್ರಿ ಟೆಕ್ನಿಷಿಯನ್ ಬೇಕು. ಆ್ಯಂಟಿಬಯಾಟಿಕ್ ಡೋಸ್ ಹೊಂದಿಸುವುದು ಕಷ್ಟ, ಏಕೆಂದರೆ ಮಷೀನು ನಡೆಯುವಾಗ ಔಷಧಿ ತೊಳೆದುಹೋಗುತ್ತದೆ, ನಿಂತಾಗ ಉಳಿಯುತ್ತದೆ. ಸ್ಲೆಡ್ ಮುಗಿದ ಮೇಲೆ ಯಾವ ಡೋಸ್ ಕೊಡಬೇಕು ಎಂದು ಡ್ಯೂಟಿ ಡಾಕ್ಟರ್ ಬರೆದಿಡಲೇಬೇಕು.

ಸಿಆರ್‌ಆರ್‌ಟಿ: ಯಾರಿಗೆ ನಿಜವಾಗಿ ಬೇಕು

24 ತಾಸಿನ ಮಷೀನು ಇದೇ. ಇದಕ್ಕೆ ಆರ್‌ಒ ನೀರು ಬೇಡ, ತಯಾರಾದ ದ್ರವದ ಚೀಲಗಳು ಬರುತ್ತವೆ. ಕೆಡಿಗೋ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 2012ರಲ್ಲಿ ಹೇಳಿದ ಡೋಸ್ ತಾಸಿಗೆ ಕೆಜಿಗೆ 20–25 ಮಿಲಿ. 60 ಕೆಜಿಯವರಿಗೆ 25ರಂತೆ ದಿನಕ್ಕೆ 36 ಲೀಟರ್, ಅಂದರೆ 5 ಲೀಟರಿನ ಏಳೆಂಟು ಚೀಲ. ಜೊತೆಗೆ ಫಿಲ್ಟರ್ ಸೆಟ್ಟು. ಅದು ಹೆಪ್ಪುಗಟ್ಟಿದರೆ ಇನ್ನೊಂದು ಸೆಟ್ಟು. ಬಿಲ್ ಏರುವುದು ಹೀಗೆ. ಅಲ್ಲದೆ ಪ್ರತಿ ಸಲ ಸೆಟ್ಟು ಹೆಪ್ಪುಗಟ್ಟಿದಾಗ ಅದರೊಳಗಿನ 150–200 ಮಿಲಿ ರಕ್ತವೂ ಹೋಗುತ್ತದೆ. ಡೋಸ್ ಜಾಸ್ತಿ ಮಾಡಿದರೆ ಹೆಚ್ಚು ಜನ ಉಳಿಯುತ್ತಾರೆ ಎಂಬ ನಂಬಿಕೆಯನ್ನು 2008 ಮತ್ತು 2009ರ ಎರಡು ದೊಡ್ಡ ಅಧ್ಯಯನಗಳು ಸುಳ್ಳು ಮಾಡಿವೆ.

ಹಾಗಾದರೆ ಯಾರಿಗೆ ಬೇಕು? ಮಿದುಳಿನಲ್ಲಿ ಬಾವು ಇರುವವರಿಗೆ. ಎಚ್‌ಡಿಯಲ್ಲಿ ರಕ್ತದ ಯೂರಿಯಾ (ಕಿಡ್ನಿ ತೆಗೆಯಬೇಕಾದ ಕಸ) ಸರ್ರನೆ ಇಳಿದರೆ ಮಿದುಳಿನೊಳಗೆ ನೀರು ನುಗ್ಗಿ ಒತ್ತಡ ಏರುತ್ತದೆ. ಲಿವರ್ ದಿಢೀರ್ ಕೆಟ್ಟವರಿಗೂ ಇದೇ ಕಾರಣಕ್ಕೆ ಬೇಕು. ಇವರಿಗೆ ಸಿಆರ್‌ಆರ್‌ಟಿ ಸಿಗುವ ಕಡೆ ಹೋಗುವುದೇ ಸರಿ, ಇದರಲ್ಲಿ ನನಗೆ ಎರಡು ಮಾತಿಲ್ಲ. ನಾರ್‌ಅಡ್ರಿನಲಿನ್ ದೊಡ್ಡ ಡೋಸ್, ಜೊತೆಗೆ ವ್ಯಾಸೊಪ್ರೆಸಿನ್ ಎಂದು ಎರಡೆರಡು ಔಷಧಿಯ ಮೇಲೆ ಬಿಪಿ ನಿಂತವರಿಗೂ ಕೆಡಿಗೋ ಇದನ್ನೇ ಸೂಚಿಸುತ್ತದೆ. ದಿನಕ್ಕೆ 3–4 ಲೀಟರ್ ರಕ್ತ, ಪ್ಲಾಸ್ಮಾ, ಔಷಧಿ ಕೊಡಲೇಬೇಕಾದವರಿಗೂ ಇದು ಅನುಕೂಲ. ಒಳಗೆ ಹೋದಂತೆ ಹೊರಗೂ ಹೋಗುತ್ತಿರುತ್ತದೆ.

ಇಲ್ಲೂ ವೇಗದ ಮಿತಿ ಇದೆ, ಬಹಳ ಜನ ಮರೆಯುವುದು ಇದನ್ನೇ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ 1,400ಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಮತ್ತೆ ಜಾಲಾಡಿ 2019ರಲ್ಲಿ ಪ್ರಕಟಿಸಿದಾಗ, ತಾಸಿಗೆ ಕೆಜಿಗೆ 1.75 ಮಿಲಿಗಿಂತ ಜೋರಾಗಿ ನೀರು ತೆಗೆದವರಲ್ಲಿ ಸಾವು ಜಾಸ್ತಿ ಕಂಡಿತು. 60 ಕೆಜಿಗೆ ಅದು ತಾಸಿಗೆ 105 ಮಿಲಿ. ಇದು ನೋಡಿ ದಾಖಲಿಸಿದ ಅಧ್ಯಯನ, ಕಟ್ಟಪ್ಪಣೆಯಲ್ಲ. ಆದರೆ ತಾಸಿಗೆ 200–250 ಮಿಲಿ ಎಂದು ಹಾಕಿ ಮರೆಯುವ ಮೊದಲು ಯೋಚಿಸಬೇಕು. ಫಿಲ್ಟರ್ ಕೆಟ್ಟೋ ಸ್ಕ್ಯಾನ್‌ಗೆ ಹೋಗಿಯೋ ನಾಲ್ಕು ತಾಸು ಮಷೀನ್ ನಿಂತಿದ್ದರೆ, ಕಳೆದುಹೋದ ಲೆಕ್ಕವನ್ನು ಉಳಿದ ತಾಸುಗಳಲ್ಲಿ ಎಳೆದು ತೀರಿಸಲು ಹೋಗಬಾರದು. ನಾಳೆ ಇನ್ನೊಂದು ದಿನ ಇದೆ.

ಸಿಸ್ಟರುಗಳಿಗೆ ಒಂದು ಮಾತು. ಸಿಆರ್‌ಆರ್‌ಟಿ ಮಷೀನಿನಲ್ಲಿ ರಕ್ತ ಹೊರಗೆ ಸುತ್ತಿ ತಣ್ಣಗಾಗುತ್ತದೆ. ಹಾಗಾಗಿ ಜ್ವರ ಮುಚ್ಚಿಹೋಗಬಹುದು. ಪೊಟ್ಯಾಸಿಯಂ, ಫಾಸ್ಫೇಟ್ ಇಳಿಯುತ್ತವೆ. ಹೆಪ್ಪುಗಟ್ಟದಂತೆ ಸಿಟ್ರೇಟ್ ಹಾಕುತ್ತಿದ್ದರೆ ಅಯಾನೈಸ್ಡ್ ಕ್ಯಾಲ್ಸಿಯಂ ಪದೇ ಪದೇ ನೋಡಬೇಕು. ಇದಕ್ಕೆಲ್ಲ ಒಬ್ಬ ರೋಗಿಗೆ ಒಬ್ಬರು ಸಿಸ್ಟರ್ ಬೇಕು. ಮೂರು ವೆಂಟಿಲೇಟರಿಗೆ ಒಬ್ಬರೇ ಇರುವ ಕಡೆ ಸಿಆರ್‌ಆರ್‌ಟಿ ಹಾಕುವುದಕ್ಕಿಂತ, ಚೆನ್ನಾಗಿ ನೋಡಿಕೊಂಡ ಸ್ಲೆಡ್ ಮೇಲು.

ಹೊಟ್ಟೆಯ ಡಯಾಲಿಸಿಸ್: ಮರೆತುಬಿಟ್ಟ ದಾರಿ

ಪಿಡಿ ಎಂದರೆ ಹೊಟ್ಟೆಯೊಳಗೆ ಮೆತ್ತನೆಯ ಟ್ಯೂಬ್ ಹಾಕಿ, ಸಕ್ಕರೆ ಅಂಶದ ದ್ರವ ತುಂಬಿ, ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಬಿಡುವುದು. ಮಷೀನ್ ಬೇಡ, ಕರೆಂಟ್ ಬೇಡ, ಆರ್‌ಒ ನೀರು ಬೇಡ, ರಕ್ತ ತೆಳು ಮಾಡುವ ಔಷಧಿ ಬೇಡ. ನೀರು ನಿಧಾನವಾಗಿ ಹೋಗುವುದರಿಂದ ಬಿಪಿಗೂ ಮಿದುಳಿಗೂ ಸೌಮ್ಯ. ಚಿಕ್ಕ ಮಕ್ಕಳಲ್ಲಿ ರಕ್ತನಾಳಕ್ಕೆ ದೊಡ್ಡ ಕ್ಯಾತೆಟರ್ (ಟ್ಯೂಬ್) ಹಾಕುವುದು ಕಷ್ಟ, ಅವರಿಗೆ ಇದು ಒಳ್ಳೆಯ ಆಯ್ಕೆ. ದಿಢೀರ್ ಕಿಡ್ನಿ ಕೆಟ್ಟವರಲ್ಲಿ ಪಿಡಿ ಮಾಡಿದರೂ ರಕ್ತದ ಡಯಾಲಿಸಿಸ್ ಮಾಡಿದರೂ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ.

ಆದರೆ ಎಷ್ಟು ನೀರು ಬರುತ್ತದೆ ಎಂದು ಮುಂಚೆ ಹೇಳಲಾಗದು. ದ್ರವದಲ್ಲಿ ಡೆಕ್ಸ್‌ಟ್ರೋಸ್ ಶೇ 1.5, 2.5, 4.25 ಎಂದು ಮೂರು ಬಗೆ. ಸಕ್ಕರೆ ಜಾಸ್ತಿ ಇದ್ದಷ್ಟು ನೀರು ಜಾಸ್ತಿ ಎಳೆಯುತ್ತದೆ, ರಕ್ತದ ಸಕ್ಕರೆಯನ್ನೂ ಏರಿಸುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿ ತಾಸಿನ ಲೆಕ್ಕದಲ್ಲಿ ಇಳಿಸಬೇಕಾದಾಗ ಇದನ್ನು ನಂಬಿ ಕೂರಲಾಗದು. ಹೊಟ್ಟೆ ತುಂಬಿದರೆ ಉಸಿರಿಗೂ ಒತ್ತಡ. ಹೊಟ್ಟೆಯ ಆಪರೇಷನ್ ಈಚೆಗೆ ಆಗಿದ್ದರೆ ಸಾಧ್ಯವಿಲ್ಲ. ಪ್ರೋಟೀನ್ ನಷ್ಟವಾಗುತ್ತದೆ, ಸೋಂಕಿನ ಭಯವಿದೆ. ಇಷ್ಟಿದ್ದರೂ, ಕ್ಯಾತೆಟರ್ ಹಾಕಲು ಕಲಿತ ಡಾಕ್ಟರ್ ಇದ್ದರೆ ಸಣ್ಣ ಊರಿನ ಆಸ್ಪತ್ರೆಯಲ್ಲಿ ಇದು ಜೀವ ಉಳಿಸುತ್ತದೆ. ನಮ್ಮ ಕಡೆ ಇದನ್ನು ಕಲಿಸುವುದು ಕಡಿಮೆಯಾಗಿದೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಒಳಗೆ ಹೋಗುವ ನೀರನ್ನು ಯಾರು ನೋಡುತ್ತಾರೆ?

ಯಾವ ಮಷೀನ್ ಆರಿಸಿದರೂ, ಸಲೈನ್ ಬಾಟಲಿ ಸುಮ್ನೆ ತೂಗುತ್ತಿದ್ದರೆ ಎಲ್ಲ ವ್ಯರ್ಥ. ಮೂರು ಆ್ಯಂಟಿಬಯಾಟಿಕ್ ದಿನಕ್ಕೆ ಮೂರು ಸಲ, ಪ್ರತಿಯೊಂದೂ 100 ಮಿಲಿ ಸಲೈನ್‌ನಲ್ಲಿ ಎಂದರೆ ಅದೇ 900 ಮಿಲಿ. ನಿದ್ದೆ ಔಷಧಿ, ಬಿಪಿ ಔಷಧಿಯ ಪಂಪುಗಳು ಬೇರೆ. "ಲೈನ್ ಚಾಲೂ ಇರಲಿ" ಎಂದು ತಾಸಿಗೆ 40 ಮಿಲಿ ಬಿಟ್ಟರೆ ದಿನಕ್ಕೆ 960. ಯಾರೂ ಚಿಕಿತ್ಸೆ ಎಂದು ಕೊಟ್ಟ ನೀರಲ್ಲ ಇದು, ಆದರೆ ಮಷೀನು ತೆಗೆಯಬೇಕಾದ ನೀರು. ಬಹಳಷ್ಟು ಔಷಧಿಗಳನ್ನು ಕಡಿಮೆ ನೀರಿನಲ್ಲಿ, ಸಿರಿಂಜ್ ಪಂಪಿನಲ್ಲಿ ಕೊಡಬಹುದು. ಗಟ್ಟಿ ಮಾಡಿದ ಟ್ಯೂಬ್ ಆಹಾರ ಕೊಡಬಹುದು. 2006ರಲ್ಲಿ ಉತ್ತರ ಅಮೆರಿಕದಲ್ಲಿ ಸುಮಾರು 1,000 ಶ್ವಾಸಕೋಶ ಕೆಟ್ಟ ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಶಾಕ್‌ನಿಂದ (ಬಿಪಿ ಕುಸಿದ ಸ್ಥಿತಿಯಿಂದ) ಹೊರಬಂದ ಮೇಲೆ ನೀರನ್ನು ಬಿಗಿಯಾಗಿ ಹಿಡಿದ ಗುಂಪಿನವರು ವೆಂಟಿಲೇಟರಿನಿಂದ ಬೇಗ ಹೊರಬಂದಿದ್ದರು. ಕಿಡ್ನಿಗೆ ತೊಂದರೆ ಜಾಸ್ತಿ ಆಗಲಿಲ್ಲ.

ಮನೆಯವರು ಡಾಕ್ಟರನ್ನು ಕೇಳಬಹುದಾದ ಅತಿ ಒಳ್ಳೆಯ ಪ್ರಶ್ನೆ: "ಸರ್, ನಿನ್ನೆ ಎಷ್ಟು ಒಳಗ ಹೋತ್ರಿ, ಎಷ್ಟು ಹೊರಗ ಬಂತ್ರಿ, ಇವತ್ತ ಎಷ್ಟು ತಗೀಬೇಕಂತ ಮಾಡೀರಿ?" ಯಾವ ಒಳ್ಳೆಯ ಡಾಕ್ಟರೂ ಇದಕ್ಕೆ ಸಿಟ್ಟಾಗುವುದಿಲ್ಲ.

ಕೆಲವು ರೋಗಿಗಳು, ಕೆಲವು ನಿರ್ಧಾರಗಳು

ಮುಂಗಾರಿನಲ್ಲಿ ಹೊಲದಲ್ಲಿ ಹಾವು ಕಚ್ಚಿ ಬಂದವರು. ಕೊಳಕುಮಂಡಲದ ವಿಷ ಕಿಡ್ನಿಯನ್ನು ಕೆಡಿಸುತ್ತದೆ, ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಬಿಪಿ ಚೆನ್ನಾಗಿರುವ ಪ್ರಾಯದವರಾದರೆ ಹೆಪಾರಿನ್ ಇಲ್ಲದ ಎಚ್‌ಡಿ ಸಾಕಾಗುತ್ತದೆ, ಕಿಡ್ನಿ ವಾರಗಳಲ್ಲಿ ಚೇತರಿಸುವುದೂ ಉಂಟು. ಆದರೆ ಕೆಲವರಿಗೆ ಕಣ್ಣಿನ ಬಿಳಿಭಾಗ ಊದಿ, ಕೆನ್ನೆಯ ಗ್ರಂಥಿ ಬಾತು, ಮೈಯೆಲ್ಲ ಬಾವು ಬಂದು ಬಿಪಿ ಬೀಳುತ್ತದೆ. ರಕ್ತನಾಳಗಳೇ ಸೋರುತ್ತಿರುತ್ತವೆ. ನೋಡಲು ನೀರು ತುಂಬಿದವರು, ಒಳಗೆ ರಕ್ತನಾಳ ಖಾಲಿ. ಇಂಥವರಲ್ಲಿ ಸೋರುವುದು ನಿಲ್ಲುವವರೆಗೆ ನೀರು ತೆಗೆಯುವ ಆಸೆ ಬಿಡಬೇಕು. ರಕ್ತ ಶುದ್ಧ ಮಾಡಿದರೆ ಸಾಕು, ನೀರಿನ ಲೆಕ್ಕ ಸೊನ್ನೆಯಲ್ಲಿಡಬೇಕು. ಸ್ಲೆಡ್ ಅಥವಾ ಸಿಆರ್‌ಆರ್‌ಟಿ ಇವರಿಗೆ.

ಹೃದಯ ಸೋತ ವಯಸ್ಸಾದವರು. ಇವರಿಗೆ ಯೂರಿಯಾ ಅಷ್ಟೇನೂ ಏರಿರುವುದಿಲ್ಲ, ನೀರೇ ತೊಂದರೆ. ಡಯಾಲಿಸಿಸ್ ದ್ರವ ಹರಿಸದೆ ಬರೀ ನೀರು ತೆಗೆಯುವ ವಿಧಾನ ಅದೇ ಮಷೀನಿನಲ್ಲಿ ಇದೆ. ನಿಧಾನವಾಗಿ ಮಾಡಿದರೆ ಚೆನ್ನಾಗಿ ತಡೆದುಕೊಳ್ಳುತ್ತಾರೆ.

ಹೆರಿಗೆಯ ನಂತರ ರಕ್ತಸ್ರಾವ, ಸೋಂಕಿನಿಂದ ಬಂದ ತಾಯಂದಿರು. ರಕ್ತಸ್ರಾವ ಪೂರ್ತಿ ನಿಂತಿತೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಹೆಪಾರಿನ್ ಇಲ್ಲದ ಸ್ಲೆಡ್ ಇವರಿಗೆ ಹೊಂದುತ್ತದೆ.

ಊರು, ದಾರಿ, ರೊಕ್ಕ

ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಘಟಕ ಇರುತ್ತದೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಬಿಪಿಎಲ್‌ನವರಿಗೆ ಬಹಳ ಅನುಕೂಲವಾಗಿದೆ. ಆದರೆ ಅವು ಮುಖ್ಯವಾಗಿ ನಡೆದು ಬರುವ ರೋಗಿಗಳಿಗೆ. ವೆಂಟಿಲೇಟರ್ ಮೇಲೆ ಇರುವವರಿಗೆ ಡಯಾಲಿಸಿಸ್ ಮಷೀನ್ ಐಸಿಯು ಬೆಡ್ಡಿಗೇ ಬರಬೇಕು. "ನಿಮ್ಮಲ್ಲಿ ಡಯಾಲಿಸಿಸ್ ಐತೇನ್ರಿ" ಎಂದು ಕೇಳಿದರೆ ಸಾಲದು, "ಐಸಿಯು ಬೆಡ್ಡಿನ ಮ್ಯಾಲ ಮಾಡ್ತೀರೇನ್ರಿ, ರಾತ್ರಿನೂ ಮಾಡ್ತೀರೇನ್ರಿ" ಎಂದು ಕೇಳಬೇಕು.

ಗದಗಿನಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್, ಹಾವೇರಿಯಿಂದ ಸುಮಾರು 75. ಪೊಟ್ಯಾಸಿಯಂ 7ರ ಹತ್ತಿರ ಇದ್ದವರನ್ನು ಹಾಗೇ ಆ್ಯಂಬುಲೆನ್ಸ್ ಹತ್ತಿಸುವುದು ಅಪಾಯ. ಕ್ಯಾಲ್ಸಿಯಂ, ಇನ್ಸುಲಿನ್-ಗ್ಲೂಕೋಸ್ ಕೊಟ್ಟು, ಸಾಧ್ಯವಿದ್ದರೆ ಅಲ್ಲೇ ಒಂದು ಎಚ್‌ಡಿ ಮಾಡಿ ಕಳಿಸಬೇಕು. ಬರೀ ಸಿಆರ್‌ಆರ್‌ಟಿಯ ಹೆಸರಿಗೋಸ್ಕರ, ಎರಡು ಬಿಪಿ ಔಷಧಿಯ ಮೇಲಿರುವವರನ್ನು ಎತ್ತಿಕೊಂಡು ಓಡುವ ಮೊದಲು, ಈಗಿರುವ ಆಸ್ಪತ್ರೆಯಲ್ಲಿ ಸ್ಲೆಡ್ ಸಾಧ್ಯವೇ ಎಂದು ಕೇಳಿ. ಕಳಿಸುವುದೇ ಆದರೆ ಮೂರು ದಿನದ ಇನ್‌ಟೇಕ್-ಔಟ್‌ಪುಟ್ ಚಾರ್ಟು, ಅಡ್ಮಿಟ್ ಆದ ದಿನದ ತೂಕ ಜೊತೆಗೇ ಹೋಗಲಿ. ಆ ಒಂದು ಹಾಳೆ ಇಲ್ಲದೆ ಹುಬ್ಬಳ್ಳಿಯ ಡಾಕ್ಟರ್ ಮೊದಲ ದಿನ ಊಹೆಯಲ್ಲಿ ನಡೆಯಬೇಕಾಗುತ್ತದೆ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಂತೆ 1.5 ಲಕ್ಷದವರೆಗೆ ಸಿಗುತ್ತದೆ. ಹುಬ್ಬಳ್ಳಿಯ ವಿದ್ಯಾನಗರದ ಸರ್ಕಾರಿ ಆಸ್ಪತ್ರೆಯಿರಲಿ (ಹೆಸರು ಬದಲಾದರೂ ಜನ ಇನ್ನೂ ಕಿಮ್ಸ್ ಎಂದೇ ಕರೆಯುತ್ತಾರೆ), ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಯಿರಲಿ, ಮೊದಲು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕಾಣಿ. ಕೇಳಬೇಕಾದ್ದು ಹೀಗೆ: ಪ್ಯಾಕೇಜಿನಲ್ಲಿ ಸಿಆರ್‌ಆರ್‌ಟಿಯ ಸೆಟ್ಟು, ಚೀಲ ಸೇರಿವೆಯಾ, ಹೊರಗೆ ಕೊಳ್ಳಬೇಕಾ? ಸೆಟ್ಟು ಮಧ್ಯೆ ಹೆಪ್ಪುಗಟ್ಟಿದರೆ ಎರಡನೆಯದಕ್ಕೆ ಯಾರ ದುಡ್ಡು? ದಿನಕ್ಕೆ ಅಂದಾಜು ಎಷ್ಟು, ಎಷ್ಟು ದಿನ? ಉತ್ತರ ಬರೆಸಿಕೊಳ್ಳಿ. ಎರಡೇ ದಿನಕ್ಕೆ ಸಾಕಾಗುವಷ್ಟು ದುಡ್ಡಿದ್ದು, ರೋಗಿಗೆ ಮಿದುಳು, ಲಿವರಿನ ತೊಂದರೆ ಇಲ್ಲದಿದ್ದರೆ, ಹತ್ತು ದಿನ ನಡೆಸಬಹುದಾದ ಸ್ಲೆಡ್ ಜಾಣತನದ ಆಯ್ಕೆ.

ಒಮ್ಮೆ ಆರಿಸಿದ್ದು ಕೊನೆಯವರೆಗೂ ಅದೇ ಇರಬೇಕಿಲ್ಲ. ಬಿಪಿ ಔಷಧಿ ಇಳಿದಂತೆ ಸಿಆರ್‌ಆರ್‌ಟಿಯಿಂದ ಸ್ಲೆಡ್‌ಗೆ, ಅಲ್ಲಿಂದ ಎಚ್‌ಡಿಗೆ ಬರುವುದು ಸಹಜ ಕ್ರಮ. ಔಷಧಿ ಇಲ್ಲದೆಯೇ ಮೂತ್ರ ದಿನಕ್ಕೆ 400–500 ಮಿಲಿ ದಾಟತೊಡಗಿದರೆ ಡಯಾಲಿಸಿಸ್ ಬಿಟ್ಟು ನೋಡುವ ಕಾಲ ಬಂತು. ಆಮೇಲೆ ಕೆಲವರಿಗೆ ಒಮ್ಮೆಲೇ ದಿನಕ್ಕೆ 3–4 ಲೀಟರ್ ಮೂತ್ರ ಬರುವ ಹಂತ ಬರುತ್ತದೆ. ಆಗಲೂ "ನೀರು ಕಡಿಮೆ ಕುಡಿಸಿ" ಎಂಬ ಹಳೆಯ ಮಾತನ್ನೇ ಹಿಡಿದು ಕೂತರೆ ಮೈ ಒಣಗಿ ಕಿಡ್ನಿಗೆ ಮತ್ತೆ ಪೆಟ್ಟಾಗುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ದಿನಕ್ಕೆ ಎಷ್ಟು ನೀರು ಕುಡಿಯಬೇಕು, ತೂಕ ಎಷ್ಟಿರಬೇಕು, ಕ್ರಿಯಾಟಿನಿನ್ ಮತ್ತೆ ಯಾವ ದಿನ ನೋಡಬೇಕು, ಯಾವ ನೋವಿನ ಮಾತ್ರೆ ಮುಟ್ಟಬಾರದು ಎಂದು ಬರೆಸಿಕೊಂಡೇ ಊರಿಗೆ ಹೊರಡಿ.